ಹಳೇಬೀಡನ್ನು ಹೊರಗೆ ನೋಡುವುದು

ಬೇಲೂರನ್ನು ಒಳಗೆ ನೋಡು, ಹಳೇಬೀಡನ್ನು ಹೊರಗೆ ನೋಡು ಅನ್ನುವ ಮಾತು ನಮ್ಮ ಹಾಸನ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಬೇಲೂರಿನ ನವರಂಗದ ಕಂಬ, ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಆನೆ-ಕುದುರೆ ಸಾಲು. ಹೇಳಿದವರ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ನಾನು ಮಾತ್ರ ಆ ‘ಹೊರಗೆ’ಯನ್ನು ಕೊಂಚ ಜಗ್ಗಿಕೊಂಡಿದ್ದೇನೆ. ಗುಡಿಯ ಹೊರಗೆ ಅಲ್ಲ, ಗುಡಿಯ ಗೇಟಿನ ಹೊರಗೆ.

ಸಾಲಗಾಮೆಯಲ್ಲಿ ಮನೆ ಇರುವವನಿಗೆ ನೆಂಟರಿಂದ ಬಿಡುಗಡೆ ಇಲ್ಲ. ಮದುವೆಗೆಂದು ಬಂದವರು ಮಾರನೇ ಬೆಳಿಗ್ಗೆ ಅಕ್ಕಿರೊಟ್ಟಿ ಮುರಿಯುತ್ತಲೇ, ‘ಹೆಂಗೂ ಬಂದಿದೀವಿ, ಬೇಲೂರು ಹಳೇಬೀಡು ಮುಗಿಸ್ಕೊಂಡು ಹೋಗ್ಬಿಡಣ’ ಅನ್ನುತ್ತಾರೆ. ಈ ‘ಮುಗಿಸ್ಕೊಂಡು’ ಕೇಳಿದರೆ ನನಗೆ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮುಗಿಸುವುದಕ್ಕೆ ಅದೇನು ಹೋಂವರ್ಕೇ? ಹಳೇಬೀಡಿಗೆ ಅವರು ಕೊಡುವುದು ಮುಕ್ಕಾಲು ಗಂಟೆ. ಚಪ್ಪಲಿ ಬಿಡುವುದು, ನಂದಿಯ ಮುಂದೆ ಫೋಟೋ, ಎಳನೀರು, ಕಾರು. ಆ ಗುಡಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಒಂದು ರಾಜಧಾನಿಯನ್ನೇ ಒಂದು ಕಾಂಪೌಂಡಿನೊಳಗೆ ತುರುಕಿಬಿಟ್ಟರಲ್ಲ ಅನ್ನಿಸುತ್ತದೆ.

ಹೋದ ಚಳಿಗಾಲ ಅಕ್ಕನ ಮಗ ಒಬ್ಬನೇ ಬಂದಿದ್ದ. ಹದಿನಾಲ್ಕು ವರ್ಷದ ಹುಡುಗ, ಕೈಯಲ್ಲಿ ಮೊಬೈಲು. ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಶುಂಠಿ ಹೊಲ, ಒಕ್ಕಣೆಗೆ ರಸ್ತೆಯ ಮೇಲೇ ಹರಡಿದ ರಾಗಿ, ಅದರ ಮೇಲೆ ಬೈಕು ಜಾರದಂತೆ ನನ್ನ ಸರ್ಕಸ್ಸು. ಹಳೇಬೀಡು ತಲುಪಿದ ಮೇಲೆ ಗುಡಿಯ ಕಡೆ ತಿರುಗದೆ ಕೆರೆಯ ಏರಿಗೆ ಹೋದಾಗ ಹುಡುಗನ ಮುಖ ಸಣ್ಣಗಾಯಿತು.

‘ಇದೇನ್ ಮಾವ, ಬರೀ ನೀರು?’

ಬರೀ ನೀರೇ. ಆದರೆ ಊರಿಗೆ ಹೆಸರು ಕೊಟ್ಟದ್ದು ಇದೇ ನೀರು. ಶಾಸನಗಳಲ್ಲಿ ಊರು ದೋರಸಮುದ್ರ. ನಾವು ದ್ವಾರಸಮುದ್ರ ಅಂದೆವು. ಸಾವಿರಾರು ಆಳು, ಆನೆ, ಕುದುರೆ ಇರುವ ಪಟ್ಟಣ ಮೊದಲು ಕೇಳುವುದು ಶಿಲ್ಪವನ್ನಲ್ಲ, ಕುಡಿಯುವುದಕ್ಕೆ ನೀರನ್ನು. ಹಳೇಬೀಡು ಎಂಬುದು ಎಲ್ಲ ಹಾಳಾದ ಮೇಲೆ ಅಂಟಿದ ಹೆಸರು. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂತು. ಅದಾಗಿ ಎರಡು ದಶಕ ತುಂಬುವ ಮೊದಲೇ ತುಘಲಕನ ದಂಡು. ಇಲ್ಲಿನ ದೊರೆ ಮುಮ್ಮಡಿ ಬಲ್ಲಾಳ ತಿರುವಣ್ಣಾಮಲೆಯ ಕಡೆ ಹೋದ. ಬೀಡು ಹಳೆಯದಾಯಿತು, ಅಂದರೆ ಬಾಡಿಗೆದಾರ ಖಾಲಿ ಮಾಡಿದ ಮನೆಯ ಹಾಗೆ. ಕೆರೆ ಮಾತ್ರ ಖಾಲಿ ಮಾಡಿ ಎಲ್ಲಿಗೆ ಹೋದೀತು? ಕೆಲವು ವರ್ಷ ಮಳೆ ಕೈಕೊಟ್ಟಾಗ ಅದೂ ಒಣಗಿದ್ದಿದೆ. ರಣಘಟ್ಟದಿಂದ ಯಗಚಿ ನೀರು ತಂದು ಈ ಕೆರೆ ತುಂಬಿಸಿ ಎಂದು ಈ ಕಡೆಯ ರೈತರು ಕೇಳುತ್ತಲೇ ಬಂದಿದ್ದಾರೆ. ಅವರಿಗೆ ಇದು ಪ್ರೇಕ್ಷಣೀಯ ಸ್ಥಳವಲ್ಲ, ಬೋರ್‌ವೆಲ್ಲಿನ ತಾಯಿಬೇರು.

ಅವತ್ತು ನೀರಿತ್ತು. ಒಂದು ನೀರುಕಾಗೆ ರೆಕ್ಕೆ ಅಗಲಿಸಿ ಕಲ್ಲಿನ ಮೇಲೆ ಬಟ್ಟೆ ಒಣಗಿಸುವವರಂತೆ ನಿಂತಿತ್ತು. ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬಂದ ಅಜ್ಜಿ ನಮ್ಮನ್ನು ನೋಡಿ, ‘ಗುಡಿ ಆ ಕಡೆ ಕಣಪ್ಪ’ ಎಂದರು. ದಾರಿ ತಪ್ಪಿದವರು ಎಂದುಕೊಂಡಿರಬೇಕು. ‘ಗೊತ್ತಜ್ಜಿ, ಸುಮ್ನೆ ಬಂದ್ವಿ’ ಎಂದೆ. ಎಮ್ಮೆಯೂ ಅಜ್ಜಿಯೂ ಒಂದೇ ಥರ ನೋಡಿ ಮುಂದೆ ಹೋದರು.

‘ಸರಿ ಮಾವ, ರಾಜರ ಅರಮನೆ ಎಲ್ಲಿ?’ ಹುಡುಗ ಕೇಳಿದ.

ಒಳ್ಳೆಯ ಪ್ರಶ್ನೆ. ಮುಕ್ಕಾಲು ಗಂಟೆಯ ನೆಂಟರು ಯಾರೂ ಕೇಳದ ಪ್ರಶ್ನೆ. ಅರಮನೆ ಇದ್ದದ್ದು ಬೆಣ್ಣೆಗುಡ್ಡದ ಹತ್ತಿರ ಅನ್ನುತ್ತಾರೆ. ಅಲ್ಲಿ ಹೋದರೆ ಸಿಗುವುದು ದಿಬ್ಬ, ಹುಲ್ಲು, ಬುನಾದಿಯ ಚೂರು. ಹುಡುಗನಿಗೆ ಮೋಸವಾದಂತಾಯಿತು. ದೇವರ ಮನೆಯನ್ನು ಕಲ್ಲಿನಲ್ಲಿ ಕಟ್ಟಿದವರು ತಮ್ಮ ಮನೆಯನ್ನು ಮರ-ಮಣ್ಣಿನಲ್ಲಿ ಕಟ್ಟಿಕೊಂಡಿರಬೇಕು ಎಂದು ನನ್ನ ಊಹೆ ಹೇಳಿದೆ. ‘ಹಂಗಾದ್ರೆ ದೇವ್ರಿಗೇ ಲಾಭ’ ಎಂದ.

ಕೋಟೆ ಮಾತ್ರ ಅಲ್ಲಲ್ಲಿ ಇನ್ನೂ ಇದೆ. ದಪ್ಪ ದಪ್ಪ ಬಂಡೆಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಿದ ಗೋಡೆ. ಅದರ ಪಕ್ಕದಲ್ಲಿ ನಡೆಯುವುದೇ ನನ್ನ ಹಳೇ ಚಾಳಿ. ಇದಕ್ಕೆ ಬೇಕಾದ ಸಾಮಗ್ರಿ ಹೆಚ್ಚಿಲ್ಲ: ಗಟ್ಟಿ ಚಪ್ಪಲಿ, ಒಂದು ಕೋಲು, ನಾಯಿಗೆ ಎರಡು ಬಿಸ್ಕತ್ತು. ಗೋಡೆ ಎಲ್ಲಿ ಹೊಲದೊಳಗೆ ಮುಳುಗಿ ಎಲ್ಲಿ ಮತ್ತೆ ಏಳುತ್ತದೆ ಎಂದು ಹುಡುಕುತ್ತ ಹೋಗಬೇಕು. ಯಾರದೋ ಬದುವಿನ ಕಲ್ಲು ತೀರಾ ಚೌಕವಾಗಿದ್ದರೆ ಅನುಮಾನ ಪಡಬೇಕು. ಬಣವೆಯ ಅಡಿಗಲ್ಲನ್ನೂ ಬಿಡಬಾರದು.

ಬಸ್ತಿಹಳ್ಳಿಯ ಬಸದಿಗಳಿಗೆ ಹೋಗುವ ಹೊತ್ತಿಗೆ ಬಿಸಿಲು ಏರಿತ್ತು. ಗುಡಿಯಿಂದ ಇಲ್ಲಿಗೆ ಕಾಲ್ನಡಿಗೆಯ ದೂರ. ಜನ ಮಾತ್ರ ಇಲ್ಲ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ, ತೀರಿಹೋದ ತಂದೆ ಗಂಗರಾಜನ ನೆನಪಿಗೆ. ಗಂಗರಾಜ ವಿಷ್ಣುವರ್ಧನನ ದಂಡನಾಯಕ. ಪ್ರತಿಷ್ಠೆಯ ಪ್ರಸಾದ ರಾಜನಿಗೆ ತಲುಪಿದಾಗ ಅವನು ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ. ಖುಷಿಯಲ್ಲಿ ದೇವರಿಗೆ ವಿಜಯ ಪಾರ್ಶ್ವ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟನಂತೆ. ಒಂದೇ ಹೆಸರಿನಲ್ಲಿ ಎರಡು ಕೆಲಸ!

ಒಳಗೆ ನಮ್ಮನ್ನು ಹಿಡಿದದ್ದು ಕಂಬಗಳು. ಬುಗುರಿಯಂತೆ ತಿರುಗಿಸಿ ಕಡೆದ ಕಪ್ಪು ಕಂಬಗಳು, ಉಜ್ಜಿದ ಹೊಳಪು ಒಂಬತ್ತು ಶತಮಾನವಾದರೂ ಇಳಿದಿಲ್ಲ. ಬಳಪದ ಕಲ್ಲಿನ ಗುಣವೇ ಹಾಗೆ. ಮೆತ್ತಗಿದ್ದು ಉಳಿಗೆ ಒಲಿಯುತ್ತದೆ, ಉಜ್ಜಿದರೆ ಕನ್ನಡಿಯಾಗುತ್ತದೆ. ಹುಡುಗ ಕಂಬದ ಮುಂದೆ ಕೈ ಆಡಿಸಿದ. ಒಂದು ಬಳೆಯಲ್ಲಿ ಕೈ ಉದ್ದ, ಕೆಳಗಿನ ಕಂಠದಲ್ಲಿ ಮೂತಿ ತಲೆಕೆಳಗು. ಹೊಟ್ಟೆ ಹಿಡಿದು ನಕ್ಕ. ಆಮೇಲೆ ಅವನಿಗೇ ಏನನ್ನಿಸಿತೋ, ಮೊಬೈಲು ಜೇಬಿಗೆ ಹಾಕಿ ಕಂಬದ ಸುತ್ತ ಸುಮಾರು ಹೊತ್ತು ನಿಧಾನಕ್ಕೆ ಸುತ್ತಿದ. ನಾನು ಜಗಲಿಯ ತಂಪಿನಲ್ಲಿ ಬೆನ್ನು ಚಾಚಿದೆ. ಈ ಹವ್ಯಾಸದಲ್ಲಿ ನಿದ್ದೆಯೂ ಸೇರಿದೆ.

ಕೇದಾರೇಶ್ವರದಲ್ಲಿ ಹೆಚ್ಚು ನಿಲ್ಲಲಿಲ್ಲ. 1219ರ ಗುಡಿ, ಇಮ್ಮಡಿ ಬಲ್ಲಾಳ, ಅವನ ರಾಣಿ ಅಭಿನವ ಕೇತಲದೇವಿ ಕಟ್ಟಿಸಿದ್ದು. ದಂಡಿಗೆ ಸಿಕ್ಕೂ ಉಳಿದಿದ್ದ ಅದರ ಶಿಖರವನ್ನು ಕೊನೆಗೆ ಕೆಡವಿದ್ದು ಮೇಲೆ ಬೇರು ಬಿಟ್ಟ ಒಂದು ಮರ. ಹುಲಿಕೆರೆಯ ಕಲ್ಯಾಣಿಯಲ್ಲಿ ಮೆಟ್ಟಿಲಿಳಿದು ಪುಟ್ಟ ಗುಡಿಗಳ ನಡುವೆ ಕೂತು ಬುತ್ತಿ ಬಿಚ್ಚಿದೆವು. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಕಲ್ಲಿನ ನೆರಳಲ್ಲಿ ತಿಂದ ಮೊಸರನ್ನಕ್ಕೆ ಬೇರೆ ರುಚಿ, ವಾದ ಬೇಡ.

ದೊಡ್ಡ ಗುಡಿಯ ಆವರಣಕ್ಕೆ ಬಂದಾಗ ಸಂಜೆಯಾಗಿತ್ತು. ಹುಡುಗನನ್ನು ನೇರ ಗರುಡಗಂಬಕ್ಕೆ ಕರೆದೊಯ್ದೆ. ನೂರಾರು ಜನ ಬದಿಯಲ್ಲೇ ಓಡಾಡಿದರೂ ಕತ್ತೆತ್ತಿ ನೋಡುವವರು ಕಡಿಮೆ. ಕಂಬದ ಸುತ್ತ ತಮ್ಮ ತಲೆ ತಾವೇ ಕೊಯ್ದುಕೊಳ್ಳುವ ಆಳುಗಳು. ದಂಡನಾಯಕ ಕುವರ ಲಕ್ಷ್ಮನ ಕಂಬ ಇದು. ಇಮ್ಮಡಿ ಬಲ್ಲಾಳನ ಜೊತೆಗೇ ಸಾಯುವೆನೆಂದು ಭಾಷೆ ಕೊಟ್ಟಿದ್ದವನು, ಹೆಂಡತಿ, ಲೆಂಕರ (ನಿಷ್ಠೆಯ ಆಳುಗಳ) ಸಮೇತ ಹಾಗೇ ಮಾಡಿದ. ಕೆಳಗಿನ ಶಾಸನ ಅದನ್ನು ಹೇಳುತ್ತ ಹೇಳುತ್ತ ಅರ್ಧಕ್ಕೇ ನಿಂತಿದೆ.

ಹುಡುಗ ಬಗ್ಗಿ ಅಕ್ಷರಗಳ ಸಾಲನ್ನು ಕಣ್ಣಲ್ಲೇ ಹಿಂಬಾಲಿಸಿದ. ಸಾಲು ಮುಗಿಯಿತು.

‘ಮುಂದೆ ಏನ್ ಮಾವ?’

‘ಬರೆದಿಲ್ಲ.’

‘ಯಾಕೆ?’

ಕಾವಲಿನವರ ಸೀಟಿ ಕೇಳಿಸಿತು, ಬಾಗಿಲು ಹಾಕುವ ಹೊತ್ತು. ಹೊಯ್ಸಳೇಶ್ವರನ ಗೋಡೆಯ ಆನೆಗಳನ್ನು ನಾವಿನ್ನೂ ನೋಡಿಯೇ ಇರಲಿಲ್ಲ. ಹುಡುಗ ಕಂಬದ ಇನ್ನೊಂದು ಮಗ್ಗುಲಿಗೆ ಹೋಗಿ, ಅಲ್ಲೇನಾದರೂ ಬರೆದಿದೆಯೋ ಎಂದು ಹುಡುಕುತ್ತಿದ್ದ.