ಅಂದರ್ ಬಾಹರ್ ಮತ್ತು ನಮ್ಮ ಸಂಭವನೀಯತೆ ಪಾಠ

ಪತ್ರಿಕೆ ಓದುವವರಿಗೆ ‘ಅಂದರ್ ಬಾಹರ್’ ಹೊಸ ಹೆಸರಲ್ಲ. ಜೂಜು ಅಡ್ಡೆ ಮೇಲೆ ಪೊಲೀಸರ ದಾಳಿ ಎಂಬ ಸುದ್ದಿಯಲ್ಲಿ ಮತ್ತೆ ಮತ್ತೆ ಬರುವ ಇಸ್ಪೀಟ್ ಆಟ ಇದು. ಇದು ಹುಟ್ಟಿದ್ದೇ ಬೆಂಗಳೂರಿನಲ್ಲಿ ಎನ್ನುವವರೂ ಇದ್ದಾರೆ. ಅಡ್ಡೆಯಲ್ಲಿ ಆಡಿ ಸಿಕ್ಕಿಬಿದ್ದರೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಅಡಿ ಕೇಸು. ಜೂಜು ಹರಾಮ್ ಎಂದು ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ್ದೇನೆ. ಆದರೂ ಈ ಆಟ ಮಾಮುವಿನ ಮೊಬೈಲ್ ಮೂಲಕ ಮನೆಯೊಳಗೆ ಬಂತು.

ಮಾಮು ತಿಲಕ್ ನಗರದಲ್ಲಿ ಆಟೊ ಓಡಿಸುತ್ತಾರೆ. ಆಟೊದ ಎರಡು ತಿಂಗಳ ಕಂತಿನ ಹಣ ಒಂದು ಆ್ಯಪ್‌ನಲ್ಲಿ ಹೋಯಿತು. ಅಮ್ಮಿ ಕೇಳಿದಾಗ ಅವರು, “ಇರೋದು ಎರಡೇ ಕಡೆ ಆಪಾ, ಫಿಫ್ಟಿ-ಫಿಫ್ಟಿ. ಇವತ್ತು ಹೋದದ್ದು ನಾಳೆ ಬರುತ್ತೆ” ಎಂದರು.

ಅದು ನಿಜವೇ ಎಂದು ನೋಡಲು ನಾನು ಗಣಿತದ ನೋಟ್‌ಬುಕ್ ತೆಗೆದೆ.

52 ಎಲೆಗಳ ಕಟ್ಟಿನಿಂದ ಒಂದು ಎಲೆ ತೆಗೆದು ನಡುವೆ ಇಡುತ್ತಾರೆ. ಅದು 7 ಎಂದುಕೊಳ್ಳಿ. ಉಳಿದ 51 ಎಲೆಗಳಲ್ಲಿ ಇನ್ನೂ ಮೂರು 7 ಇವೆ. ಒಂದು ಎಲೆ ಅಂದರ್‌ಗೆ, ಮುಂದಿನದು ಬಾಹರ್‌ಗೆ, ಹೀಗೆ ಹಾಕುತ್ತಾ ಹೋಗುತ್ತಾರೆ. ಮೊದಲ 7 ಯಾವ ಕಡೆ ಬೀಳುತ್ತದೋ ಆ ಕಡೆಗೆ ಗೆಲುವು.

ನೋಡಲು ಸಮ. ಆದರೆ ಮೊದಲ ಎಲೆ ಬೀಳುವ ಕಡೆಗೆ ಅವಕಾಶ ಸ್ವಲ್ಪ ಹೆಚ್ಚು. 51 ಜಾಗಗಳಲ್ಲಿ ಮೂರು 7 ಕೂರುವ ವಿಧಾನಗಳು 20,825. ಅವುಗಳಲ್ಲಿ ಮೊದಲ 7 ಬೆಸ ಜಾಗದಲ್ಲಿ, ಎಂದರೆ ಅಂದರ್ ಕಡೆ, ಬರುವುದು 10,725ರಲ್ಲಿ. ಅದು ಶೇ 51.5. ಬಾಹರ್‌ಗೆ ಶೇ 48.5.

ಹಾಗಾದರೆ ಸದಾ ಅಂದರ್‌ಗೇ ಕಟ್ಟಿದರೆ ಲಾಭವಲ್ಲವೇ? ಇಲ್ಲ. ಕ್ಯಾಸಿನೊಗಳಲ್ಲಿ ಸಾಮಾನ್ಯವಾಗಿ ಮೊದಲು ಎಲೆ ಬೀಳುವ ಕಡೆ ಗೆದ್ದರೆ 100ಕ್ಕೆ 90 ರೂಪಾಯಿ ಮಾತ್ರ ಸಿಗುತ್ತದೆ, ಇನ್ನೊಂದು ಕಡೆ ಗೆದ್ದರೆ 100. ಸರಾಸರಿ ಲೆಕ್ಕದಲ್ಲಿ ಕಟ್ಟಿದ ಪ್ರತಿ 100 ರೂಪಾಯಿಗೆ ಅಂದರ್‌ನಲ್ಲಿ 2 ರೂಪಾಯಿ 15 ಪೈಸೆ, ಬಾಹರ್‌ನಲ್ಲಿ 3 ರೂಪಾಯಿ ನಷ್ಟ. ಯಾವ ಕಡೆ ಕಟ್ಟಿದರೂ ನಷ್ಟ ಆಡುವವರಿಗೇ.

“ಎರಡು ರೂಪಾಯಿ ತಾನೇ?” ಎಂದರು ಮಾಮು. “ಅದು ಒಂದು ಆಟಕ್ಕೆ ಮಾಮು. ನೂರರಂತೆ 200 ಆಟ ಆಡಿದರೆ 430 ರೂಪಾಯಿ. ಸಾವಿರದಂತೆ ಆಡಿದರೆ 4,300” ಎಂದೆ. ನಾಲ್ಕು ಸಲ ಅಂದರ್ ಬಂದರೆ ಐದನೆಯದು ಬಾಹರ್ ಎಂದೂ ಅವರು ನಂಬಿದ್ದರು. ಪ್ರತಿ ಸಲ ಎಲೆ ಕಲೆಸಿದ ಮೇಲೆ ಹಿಂದಿನ ಆಟದ ನೆನಪು ಎಲೆಗಳಿಗೆ ಇರುವುದಿಲ್ಲ. ಅದೂ ಪ್ರಾಮಾಣಿಕವಾಗಿ ಕಲೆಸಿದರೆ. ಆ್ಯಪ್‌ನೊಳಗೆ ಕಲೆಸುವುದನ್ನು ನಾವು ನೋಡುವುದಿಲ್ಲ.

ಮಾಮು ನೋಟ್‌ಬುಕ್ ತೆಗೆದುಕೊಂಡು ಲೆಕ್ಕವನ್ನು ಮತ್ತೊಮ್ಮೆ ಮಾಡಿಸಿದರು. ಆಮೇಲೆ ಏನೂ ಹೇಳಲಿಲ್ಲ. ಕಂತು ಕಟ್ಟಲು ಅಮ್ಮಿಯ ಬಳೆ ಅಡವಿಡಬೇಕಾಯಿತು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು ಆಗಸ್ಟ್ 2025ರಲ್ಲಿ ಒಪ್ಪಿಗೆ ನೀಡಿತು. ಆದರೂ ಆಸೆ ತೋರಿಸುವ ಲಿಂಕ್ ಯಾರ ಮೊಬೈಲಿಗಾದರೂ ಬರಬಹುದು. ನಿಮ್ಮವರಲ್ಲಿ ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ, ಬೈಯುವ ಮೊದಲು ಪಕ್ಕದಲ್ಲಿ ಕೂತು ಈ ಲೆಕ್ಕ ಮಾಡಿ ತೋರಿಸಿ.