ವಿಟ್ನಿ ಸತ್ತ ಮೇಲೆ

ಫೆಬ್ರವರಿ 12, 2012, ಭಾನುವಾರ

ನಿನ್ನೆ ರಾತ್ರಿ ಟಿವಿಯ ಕೆಳಪಟ್ಟಿಯಲ್ಲಿ ಹೆಸರು ಓಡಿತು: ಗಾಯಕಿ ವಿಟ್ನಿ ಹೂಸ್ಟನ್ ಇನ್ನಿಲ್ಲ. ಬೆವರ್ಲಿ ಹಿಲ್ಟನ್ ಹೋಟೆಲು, ಸ್ನಾನದ ತೊಟ್ಟಿ, ವಯಸ್ಸು 48. ಸದ್ಯಕ್ಕೆ ಗೊತ್ತಿರುವುದು ಇಷ್ಟೇ. ಸಾವಿಗೆ ಕಾರಣ ಹೇಳಬೇಕಾದವರು ಇನ್ನೂ ಬಾಯಿಬಿಟ್ಟಿಲ್ಲ. ಹೇಳಬೇಕಿಲ್ಲದವರೆಲ್ಲ ಆಗಲೇ ಹೇಳಿ ಮುಗಿಸಿದ್ದಾರೆ. ಒಂದು ಚಾನೆಲ್ಲಿನಲ್ಲಿ ಗುಳಿಗೆ, ಇನ್ನೊಂದರಲ್ಲಿ ಗುಳಿಗೆಯ ಜೊತೆ ಮದ್ಯ, ಮಗದೊಂದರಲ್ಲಿ ಮಾಜಿ ಗಂಡ.

ಆಕೆಯನ್ನು ಬೆಳಕಿಗೆ ತಂದ ಕ್ಲೈವ್ ಡೇವಿಸ್ ಪ್ರತಿವರ್ಷ ಗ್ರ್ಯಾಮಿ ಸಂಗೀತ ಪ್ರಶಸ್ತಿಯ ಹಿಂದಿನ ರಾತ್ರಿ ಔತಣ ಕೊಡುತ್ತಾರೆ. ನಿನ್ನೆಯದು ಅದೇ ಹೋಟೆಲಿನಲ್ಲಿತ್ತು, ಆಕೆಯೂ ಅದಕ್ಕೇ ಬಂದವಳು. ಹೆಣ ಮೇಲಿನ ಕೋಣೆಯಲ್ಲಿರುವಾಗಲೇ ಕೆಳಗೆ ಔತಣ ನಡೆಯಿತಂತೆ. ನಮ್ಮ ಕಡೆಯಾಗಿದ್ದರೆ ಒಲೆ ಹಚ್ಚುತ್ತಿರಲಿಲ್ಲ.

ಇಂದು ಸಂಜೆ ಕನ್ನಡದವರ ಮನೆಯೊಂದರಲ್ಲಿ ಊಟ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಅಷ್ಟು ದುಡ್ಡು, ಅಷ್ಟು ಹೆಸರು, ಏನು ಕಡಿಮೆಯಾಗಿತ್ತು ಅವಳಿಗೆ? ನಮ್ಮ ಮನೆಯವರೂ ಅದನ್ನೇ ಕೇಳಿದರು. ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ಸುಮ್ಮನಾದೆ.

ಫೆಬ್ರವರಿ 13, ಸೋಮವಾರ

ನಮ್ಮ ಔಷಧದಂಗಡಿ ಇರುವುದು ನ್ಯೂಜೆರ್ಸಿಯ ಈಸ್ಟ್ ಆರೆಂಜಿನಲ್ಲಿ, ಆಕೆ ಬೆಳೆದ ಊರಿನಲ್ಲಿ. ಆಕೆ ಹುಟ್ಟಿದ ನ್ಯೂವಾರ್ಕ್ ಪಕ್ಕದಲ್ಲೇ. ಓದಿದ ಶಾಲೆಗೆ ಈಗ ಆಕೆಯದೇ ಹೆಸರು. ಇಲ್ಲಿನ ಹಿರಿಯರು ಆಕೆಯನ್ನು ವಿಟ್ನಿ ಎನ್ನುವುದಿಲ್ಲ, ಮನೆಯ ಹೆಸರು ಹಿಡಿದು 'ನಿಪ್ಪಿ' ಎನ್ನುತ್ತಾರೆ. ತಾಯಿ ಸಿಸ್ಸಿ ನ್ಯೂ ಹೋಪ್ ಚರ್ಚಿನಲ್ಲಿ ಹಾಡಿಸುತ್ತಿದ್ದ ಕಾಲದ ಮಾತು ತೆಗೆದು, ಚೀಟಿ ಕೊಡುವುದನ್ನೇ ಮರೆತು ನಿಂತವರಿದ್ದರು.

ಒಬ್ಬ ಹೆಂಗಸು ಆತಂಕಕ್ಕೆ ನುಂಗುವ ತನ್ನ ಝ್ಯಾನಾಕ್ಸ್ ಗುಳಿಗೆಯ ಡಬ್ಬಿಯನ್ನೇ ಹಿಡಿದು ಬಂದಳು. "ಇದೇ ಅಲ್ಲವಾ ಅವಳನ್ನು ಕೊಂದದ್ದು? ನಿನ್ನೆಯಿಂದ ನುಂಗಿಲ್ಲ" ಎಂದಳು. ವರ್ಷಗಟ್ಟಲೆ ತೆಗೆದುಕೊಂಡವರು ಇದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಬಿಡುವುದಿದ್ದರೆ ಡಾಕ್ಟರಿಗೆ ಹೇಳಿ ಸ್ವಲ್ಪಸ್ವಲ್ಪವೇ ಇಳಿಸಬೇಕು, ಮದ್ಯದ ಜೊತೆ ಮಾತ್ರ ಬೇಡವೇ ಬೇಡ ಎಂದು ಹೇಳಿ ಕಳಿಸುವಷ್ಟರಲ್ಲಿ ಹಿಂದೆ ಸಾಲು ಬೆಳೆದಿತ್ತು. ಟಿವಿಯವರ ಊಹೆಗೆ ಬೆಲೆ ತೆರುವವರು ಇಂಥವರು.

ಊಟದ ಹೊತ್ತಿಗೆ ಟೋನಿ ಬೆನೆಟ್ ವಿಷಯ ಬಂತು. 85ರ ಹಾಡುಗಾರ. ಶನಿವಾರ ಅದೇ ಔತಣದ ವೇದಿಕೆಯಲ್ಲಿ ನಿಂತು, ಮೊದಲು ಮೈಕೆಲ್ ಜಾಕ್ಸನ್, ಆಮೇಲೆ ಏಮಿ ವೈನ್‌ಹೌಸ್, ಈಗ ವಿಟ್ನಿ ಎಂದು ಹೆಸರು ಹೇಳಿ, ಡ್ರಗ್ಸನ್ನು ಕಾನೂನುಬದ್ಧ ಮಾಡಿ ಎಂದು ಕೇಳಿಕೊಂಡರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಹಾಗೆ ಮಾಡಿದ್ದಾರಲ್ಲ, ಎಂದರು. ಅದೇ ಏಮಿಯ ಜೊತೆ ಹಿಂದೆ ಹಾಡಿದ್ದ ಹಾಡಿಗೆ ನಿನ್ನೆ, ಅವಳ ತಂದೆತಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಗ್ರ್ಯಾಮಿ ತೆಗೆದುಕೊಂಡರು. ಮುದುಕನ ತಲೆ ಕೆಟ್ಟಿದೆ ಎಂದರು ಕೆಲವರು. ಕೊನೆಗೂ ಒಬ್ಬ ಗಂಡಸು ಬಾಯಿಬಿಟ್ಟ ಎಂದರು ಇನ್ನು ಕೆಲವರು.

ನನಗೆ ಆ ಮೂರು ಹೆಸರುಗಳೇ ವಿಚಿತ್ರವಾಗಿ ಕಂಡವು. ಜಾಕ್ಸನ್ ಸತ್ತದ್ದು ಪ್ರೊಪೊಫಾಲ್‌ನಿಂದ. ಅದು ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆಗೆ ಕೊಡುವ ಔಷಧ. ಕೊಟ್ಟವರು ಪದವಿ ಪಡೆದ ಡಾಕ್ಟರು, ಕಳೆದ ನವೆಂಬರಿನಲ್ಲಿ ನಾಲ್ಕು ವರ್ಷ ಶಿಕ್ಷೆಯೂ ಆಯಿತು. ಏಮಿಯ ರಕ್ತದಲ್ಲಿ ಸಿಕ್ಕಿದ್ದು 100 ಮಿಲಿಲೀಟರಿಗೆ 416 ಮಿಲಿಗ್ರಾಂ ಆಲ್ಕೋಹಾಲ್. ಅವಳ ಇಂಗ್ಲೆಂಡಿನಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿಯ ಐದು ಪಟ್ಟಿಗೂ ಹೆಚ್ಚು. ನಿಷೇಧಿತ ಡ್ರಗ್ಸ್ ಏನೂ ಸಿಗಲಿಲ್ಲ. ಎರಡೂ ಕಾನೂನುಬದ್ಧ ಸರಕು! ಮೂರನೆಯದು ಏನೆಂದು ಇನ್ನೂ ಗೊತ್ತಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಾದರೂ ಕಾಫಿ ಶಾಪಿನವರು ತಲೆಗೆ 5 ಗ್ರಾಂ ಗಾಂಜಾ ಮಾರಿದರೆ ಸರಕಾರ ಕಣ್ಣು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಕೊಕೇನ್ ಅಲ್ಲಿಯೂ ಅಪರಾಧ.

ಆದರೆ ಬೆನೆಟ್‌ರನ್ನು ನಗೆಯಾಡಿ ಬಿಡಲು ನನಗೆ ಮನಸ್ಸಿಲ್ಲ. ತಮ್ಮ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ: 1979ರಲ್ಲಿ ಕೊಕೇನ್ ಅತಿಯಾಗಿ, ಅವರೂ ಸ್ನಾನದ ತೊಟ್ಟಿಯಲ್ಲೇ ಪ್ರಜ್ಞೆ ತಪ್ಪಿದ್ದರು. ಹೆಂಡತಿ ಒಳಗೆ ಬಂದು ನೋಡಿದ್ದರಿಂದ ಬದುಕಿದರು. ಶನಿವಾರ ಆ ವೇದಿಕೆಯಲ್ಲಿ ನಿಂತಾಗ ಅವರ ತಲೆಯಲ್ಲಿ ಆಮ್‌ಸ್ಟರ್‌ಡ್ಯಾಮಿಗಿಂತ ಆ ತೊಟ್ಟಿಯೇ ಇದ್ದಿರಬೇಕು.

ಫೆಬ್ರವರಿ 16, ಗುರುವಾರ

ನ್ಯೂಜೆರ್ಸಿ ಗವರ್ನರ್ ಕ್ರಿಸ್ಟಿ, ವಿಟ್ನಿಯ ಅಂತ್ಯಕ್ರಿಯೆಯ ದಿನವಾದ ಶನಿವಾರ, ರಾಜ್ಯದ ಸರಕಾರಿ ಕಟ್ಟಡಗಳ ಮೇಲೆ ಧ್ವಜ ಅರ್ಧಕ್ಕೆ ಇಳಿಸಲು ಆಜ್ಞೆ ಮಾಡಿದ್ದಾರೆ. ಅದಕ್ಕೆ ಎದ್ದಿರುವ ಗದ್ದಲ ಇಷ್ಟಿಷ್ಟಲ್ಲ. ಸೈನಿಕರಿಗೆ ಸಲ್ಲಬೇಕಾದ ಗೌರವ ಡ್ರಗ್ಸ್ ಚಟದವಳಿಗೇ? ಯುದ್ಧದಲ್ಲಿ ಸತ್ತ ನ್ಯೂಜೆರ್ಸಿಯ ಸೈನಿಕರಿಗೂ ಇಳಿಸಿದ್ದೇನೆ, ಚಟವಿತ್ತು ಎಂಬ ಒಂದೇ ಕಾರಣಕ್ಕೆ ಆಕೆಯ ಹಾಡಿನ ಸಾಧನೆ ಅಳಿಸಿಹೋಗದು ಎಂಬುದು ಅವರ ಉತ್ತರ. ಹೋದ ವರ್ಷ ಸ್ಯಾಕ್ಸೋಫೋನಿನ ಕ್ಲಾರೆನ್ಸ್ ಕ್ಲೆಮನ್ಸ್ ಸತ್ತಾಗಲೂ ಇಳಿಸಿದ್ದರು. ಆಗ ಇಷ್ಟು ಕೂಗಾಟ ಕೇಳಲಿಲ್ಲ.

ಕ್ರಿಸ್ಟಿ ನನಗೆ ಅಷ್ಟಾಗಿ ಹಿಡಿಸುವ ಮನುಷ್ಯನಲ್ಲ. ಆದರೆ ಈ ಉತ್ತರ ಸರಿ. ಜನವರಿಯ ಭಾಷಣದಲ್ಲೂ ಅವರು, ಹಿಂಸೆಯ ಅಪರಾಧ ಮಾಡದ ಚಟದವರನ್ನು ಜೈಲಿನ ಬದಲು ಚಿಕಿತ್ಸೆಗೆ ಕಳಿಸೋಣ ಎಂದಿದ್ದರು.

ಬಿಪಿ ಗುಳಿಗೆಗೆ ಬರುವ ಅಜ್ಜಿಯೊಬ್ಬಳು ಧ್ವಜದ ಮಾತು ಕೇಳಿ ನಕ್ಕುಬಿಟ್ಟಳು. ಅವಳ ಮಗ ಶಾಲೆಯಿಂದ ಸಾವಿರ ಅಡಿಯೊಳಗೆ ಡ್ರಗ್ಸ್ ಮಾರಿದನೆಂದು ಒಳಗೆ ಹೋದವನು. 1987ರ ಆ ಕಾನೂನಿನಲ್ಲಿ ಪೆರೋಲ್ ಇಲ್ಲದ ಮೂರು ವರ್ಷ ಕಡ್ಡಾಯ. ಎರಡು ವರ್ಷಗಳ ಹಿಂದೆಯಷ್ಟೇ ಜಡ್ಜರಿಗೆ ಸ್ವಲ್ಪ ಸಡಿಲ ಕೊಟ್ಟರು. ಕಾಗದದ ಮೇಲೆ ಒಳ್ಳೆಯ ಕಾನೂನೇ, ಮಕ್ಕಳನ್ನು ಕಾಯುವಂಥದು. ಆದರೆ ನ್ಯೂವಾರ್ಕಿನಂಥ ಒತ್ತೊತ್ತಾದ ಊರಿನಲ್ಲಿ ಶಾಲೆಯಿಂದ ಸಾವಿರ ಅಡಿ ದೂರದ ಜಾಗ ಹುಡುಕಿದರೂ ಸಿಗುವುದು ಕಷ್ಟ. ನಾವಿರುವ ಎಡಿಸನ್ನಿನಂಥ ಕಡೆ ಹುಲ್ಲುಹಾಸು, ಪಾರ್ಕಿಂಗ್ ಜಾಗ ದಾಟುವಷ್ಟರಲ್ಲೇ ಆ ಅಳತೆ ಮುಗಿದಿರುತ್ತದೆ. ಒಂದೇ ತಪ್ಪಿಗೆ ಊರು ನೋಡಿ ಶಿಕ್ಷೆ. "ನನ್ನ ಮಗನಿಗೆ ಯಾರೂ ಏನೂ ಇಳಿಸಲಿಲ್ಲ" ಎಂದು ಅಜ್ಜಿ ಚಿಲ್ಲರೆ ಎಣಿಸಿಕೊಂಡು ಹೋದಳು.

ಫೆಬ್ರವರಿ 18, ಶನಿವಾರ

ಅಂತ್ಯಕ್ರಿಯೆ. ಕರೆದವರಿಗಷ್ಟೇ ಚರ್ಚಿನೊಳಗೆ ಪ್ರವೇಶ, ಸುತ್ತಲ ಬೀದಿಗಳು ಬಂದ್. ಅಂಗಡಿಯ ಟಿವಿಯಲ್ಲಿ ಬಿಡಿಬಿಡಿಯಾಗಿ ನೋಡಿದೆ. ಸ್ಟೀವಿ ವಂಡರ್ ಹಾಡಿದರು. ಕೆವಿನ್ ಕಾಸ್ಟ್ನರ್ ಬಹಳ ಹೊತ್ತು ಮಾತಾಡಿದರು. 'ದಿ ಬಾಡಿಗಾರ್ಡ್' ಚಿತ್ರದ ಹೊತ್ತಿನಲ್ಲಿ ಇವಳಿಗೆ ತಾನು ಸಾಲೆನೇನೋ ಎಂಬ ಅಂಜಿಕೆ ಎಷ್ಟಿತ್ತು ಎಂದು ಹೇಳಿದರು. ಡ್ರಗ್ಸ್ ಬಗ್ಗೆ ನನ್ನ ಕಿವಿಗೆ ಬಿದ್ದಷ್ಟರಲ್ಲಿ ಒಂದು ಮಾತೂ ಇಲ್ಲ. ಅದೇ ಸರಿ ಅನ್ನಿಸಿತು. ವಾರವಿಡೀ ಊರೆಲ್ಲ ಅದನ್ನೇ ಆಡಿಕೊಂಡಿತ್ತು.

ಫೆಬ್ರವರಿ 20, ಸೋಮವಾರ, ಶಿವರಾತ್ರಿ

ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಕಾಲಿಡಲು ಜಾಗವಿಲ್ಲ. ಹೊರಗೆ ಚಪ್ಪಲಿ ಹುಡುಕುವಾಗ ಗಂಡಸರ ಗುಂಪಿನಲ್ಲಿ ಗಾಂಜಾ ಎಲೆಯ ಭಂಗಿಯ ನಗೆಚಾಟಿಕೆ ನಡೆದಿತ್ತು. ಮೊನ್ನೆ ವಿಟ್ನಿಯನ್ನು "ಡ್ರಗ್ಸ್ ಕೇಸು" ಎಂದು ಒಂದೇ ಮಾತಿನಲ್ಲಿ ಒಗೆದವರು ಇವರೇ. ಭಾರತದ 1985ರ ಮಾದಕವಸ್ತು ಕಾಯ್ದೆ (ಎನ್‌ಡಿಪಿಎಸ್) ಕೂಡ ಹೀಗೇ ಎರಡು ಮನಸ್ಸಿನದು. ಗಾಂಜಾ ಗಿಡದ ಹೂವಿನ ತುದಿ ಅಪರಾಧ. ತುದಿಯಿಲ್ಲದೆ ಬಂದ ಎಲೆ ಆ ಲೆಕ್ಕಕ್ಕೇ ಇಲ್ಲ. ಭಂಗಿ ಉಳಿದದ್ದು ಆ ಸಂದಿಯಲ್ಲಿ. ನಮ್ಮ ಸುರಪುರದ ಕಡೆ, ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವೇ ಪ್ರಸಾದ. ಅದನ್ನು ಸೇದಿದವರನ್ನು ನಮ್ಮೂರಲ್ಲಿ ಯಾರೂ ಚಟದವರು ಎನ್ನುವುದಿಲ್ಲ.

ಅಮೆರಿಕದ ಕೇಂದ್ರ ಸರಕಾರದ ಡ್ರಗ್ಸ್ ಪಟ್ಟಿ ಇನ್ನೂ ತಮಾಷೆ. ಗಾಂಜಾ ಒಂದನೇ ಶೆಡ್ಯೂಲ್: ಔಷಧವಾಗಿ ಯಾವ ಉಪಯೋಗವೂ ಇಲ್ಲ. ಕೊಕೇನ್ ಎರಡನೇ ಶೆಡ್ಯೂಲ್, ಏಕೆಂದರೆ ಮೂಗು-ಗಂಟಲಿನ ಡಾಕ್ಟರು ಮರಗಟ್ಟಿಸಲು ಈಗಲೂ ಬಳಸುತ್ತಾರೆ. ಅಂದರೆ ಪಟ್ಟಿಯ ಪ್ರಕಾರ ಗಾಂಜಾಕ್ಕಿಂತ ಕೊಕೇನೇ ಸಭ್ಯ. ನ್ಯೂಜೆರ್ಸಿಯಲ್ಲಿ ರೋಗಿಗಳಿಗೆ ಗಾಂಜಾ ಕೊಡಬಹುದು ಎಂಬ ಕಾನೂನಿಗೆ ಸಹಿ ಬಿದ್ದು ಎರಡು ವರ್ಷವಾಯಿತು. ಒಂದು ಅಂಗಡಿಯೂ ತೆರೆದಿಲ್ಲ.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅಂದಳು: "ನಮ್ಮಲ್ಲಿ ಸಾರಾಯಿ ಬಂದ್ ಮಾಡಿ ಐದು ವರ್ಷ ಆಗಾಕ ಬಂತು. ಕುಡಿಯೋದು ಬಂದ್ ಆತೇನು? ಅದಕ್ಕಿಂತ ಹೆಚ್ಚಿಗಿ ರೊಕ್ಕ ಕೊಟ್ಟು ವಿಸ್ಕಿ ಕುಡೀತಾರ." ಆಮೇಲೆ ಸ್ವಲ್ಪ ತಡೆದು, "ಅಲ್ಲವ್ವಾ, ಆಕಿ ಅಷ್ಟು ದೊಡ್ಡಾಕಿ ಅಂತಿ, ಬಾಗಲಾ ಬಡಿಯೋರು ಹೊತ್ತಿಗೆ ಒಬ್ಬರೂ ಇರಲಿಲ್ಲೇನು?"

ಫೆಬ್ರವರಿ 24, ಶುಕ್ರವಾರ

ನಮ್ಮಲ್ಲಿ ಗುಳಿಗೆ ಎಣಿಸುವ ಹಿರಿಯ ಸಹೋದ್ಯೋಗಿ ಮೇರಿಲ್ಯಾಂಡಿನವನು. ಬಿಡುವಿನಲ್ಲಿ ಲೆನ್ ಬಯಾಸ್ ಕಥೆ ಹೇಳಿದ. ಕಾಲೇಜು ಬಾಸ್ಕೆಟ್‌ಬಾಲಿನ ಹೀರೋ. 1986ರ ಜೂನ್ 17ರಂದು ಬಾಸ್ಟನ್ ಸೆಲ್ಟಿಕ್ಸ್ ತಂಡ ಆರಿಸಿತು, 19ಕ್ಕೆ ಕೊಕೇನಿನಿಂದ ಸತ್ತ. ದೇಶ ಹೌಹಾರಿತು. ಚುನಾವಣೆಯ ವರ್ಷ ಬೇರೆ. ಅಕ್ಟೋಬರಿನಲ್ಲಿ ರೇಗನ್ ಹೊಸ ಕಾನೂನಿಗೆ ಸಹಿ ಹಾಕಿಯಾಗಿತ್ತು: 5 ಗ್ರಾಂ ಕ್ರ್ಯಾಕ್ ಇಟ್ಟುಕೊಂಡು ಮಾರುವವನಿಗೆ ಕಡ್ಡಾಯ ಐದು ವರ್ಷ. ಪುಡಿ ಕೊಕೇನ್ ಆದರೆ ಅದೇ ಶಿಕ್ಷೆಗೆ 500 ಗ್ರಾಂ ಬೇಕು. ಎರಡೂ ಒಂದೇ ಮದ್ದು. ಕ್ರ್ಯಾಕ್ ಎಂದರೆ ಪುಡಿಯನ್ನು ಅಡಿಗೆ ಸೋಡಾ ಹಾಕಿ ಕುದಿಸಿ ಹರಳಾಗಿಸಿದ್ದು. ಬಯಾಸ್ ಸೇವಿಸಿದ್ದು ಪುಡಿ. ಕ್ರ್ಯಾಕ್ ಎಂದೇ ಹಲವರು ನಂಬಿದರು. ಹುಡುಗನ ಮೇಲಿನ ಅಳಲಿನಲ್ಲಿ ಮಾಡಿದ ಕಾನೂನು ಅವನಂಥ ಕಪ್ಪು ಹುಡುಗರನ್ನೇ ಸಾಲುಸಾಲಾಗಿ ಜೈಲಿಗೆ ತುಂಬಿತು. ನೂರಕ್ಕೆ ಒಂದರ ಆ ಲೆಕ್ಕವನ್ನು ಹದಿನೆಂಟಕ್ಕೆ ಒಂದು ಎಂದು ಇಳಿಸಲು 2010ರವರೆಗೆ ಕಾಯಬೇಕಾಯಿತು.

ಹೆಸರುಳ್ಳವರು ಸತ್ತ ವಾರದಲ್ಲಿ ಕಾನೂನು ಬರೆಯಲು ಕೂರಬಾರದು. ಬಿಗಿ ಮಾಡುವುದಕ್ಕೂ ಬೇಡ, ಬೆನೆಟ್ ಕೇಳಿದಂತೆ ಸಡಿಲ ಮಾಡುವುದಕ್ಕೂ ಬೇಡ.

ಮಾರ್ಚ್ 23, ಶುಕ್ರವಾರ

ಸಾವಿನ ತನಿಖೆ ಮಾಡುವ ಲಾಸ್ ಏಂಜಲೀಸ್ ಕಾರೊನರ್, ವಿಟ್ನಿ ಸತ್ತದ್ದು ಹೇಗೆಂದು ನಿನ್ನೆ ಹೇಳಿದರು. ಆಕಸ್ಮಿಕವಾಗಿ ಮುಳುಗಿ ಸಾವು. ಅದಕ್ಕೆ ಹೃದಯದ ರಕ್ತನಾಳದ ಕಾಯಿಲೆಯೂ ಕೊಕೇನ್ ಸೇವನೆಯೂ ಕಾರಣವಾಗಿ ಸೇರಿದವು. ಗಾಂಜಾ, ಝ್ಯಾನಾಕ್ಸ್, ಸ್ನಾಯು ಸಡಿಲಿಸುವ ಫ್ಲೆಕ್ಸೆರಿಲ್, ಅಲರ್ಜಿಯ ಬೆನಡ್ರಿಲ್ ಕೂಡ ರಕ್ತದಲ್ಲಿದ್ದವು, ಆದರೆ ಅವು ಸಾವಿಗೆ ಕಾರಣವಲ್ಲ ಎಂದಿದ್ದಾರೆ. ಕೊಕೇನ್ ಗುಂಡಿಗೆಯನ್ನು ಓಡಿಸುತ್ತದೆ, ಅದೇ ಹೊತ್ತಿಗೆ ಗುಂಡಿಗೆಗೆ ರಕ್ತ ತರುವ ನಾಳಗಳನ್ನು ಬಿಗಿಯುತ್ತದೆ. ಮೊದಲೇ ಕಿರಿದಾದ ನಾಳಕ್ಕೆ ಅದು ಸಾಕು.

ಆರು ವಾರ ಗುಳಿಗೆಯನ್ನು ಬಯ್ದ ಚಾನೆಲ್ಲುಗಳು ಇವತ್ತು ಒಂದೇ ಉಸಿರಿನಲ್ಲಿ ಕೊಕೇನನ್ನು ಬಯ್ಯತೊಡಗಿವೆ. ಧ್ವಜದ ಮೇಲೆ ಕೂಗಾಡಿದವರಿಗೆ ಈಗ "ನಾವು ಹೇಳಿರಲಿಲ್ಲವೇ" ಎನ್ನುವ ಹಿಗ್ಗು. ಝ್ಯಾನಾಕ್ಸ್ ಹಿಡಿದು ಬಂದಿದ್ದ ಹೆಂಗಸು ಮತ್ತೆ ನಮ್ಮಂಗಡಿಗೆ ಬಂದಿಲ್ಲ.

ಮಾರ್ಚ್ 25, ಭಾನುವಾರ

ನಮ್ಮ ಮನೆಯವರು ಕೇಳಿದರು, "ಹಾಗಾದರೆ ನೀನು ಯಾವ ಕಡೆ?" ಬಾಯಲ್ಲಿ ಹೇಳಿದ್ದಕ್ಕಿಂತ ನೆಟ್ಟಗೆ ಇಲ್ಲಿ ಬರೆಯುತ್ತೇನೆ.

ಪೋರ್ಚುಗಲ್ಲಿನವರು 2001ರಲ್ಲಿ ಮಾಡಿದ್ದು ನನಗೆ ಒಪ್ಪಿಗೆ. ಅಲ್ಲಿ ಯಾವ ಡ್ರಗ್ಸೂ ಕಾನೂನುಬದ್ಧವಾಗಲಿಲ್ಲ. ಹತ್ತು ದಿನದ ಸ್ವಂತ ಬಳಕೆಗೆ ಆಗುವಷ್ಟು ಇಟ್ಟುಕೊಂಡು ಸಿಕ್ಕಿಬಿದ್ದವನು ಕ್ರಿಮಿನಲ್ ಕೋರ್ಟಿಗೆ ಹೋಗುವುದಿಲ್ಲ, ಮೂವರ ಸಮಿತಿಯ ಮುಂದೆ ಕೂರುತ್ತಾನೆ. ಬೇಕಿದ್ದರೆ ಅವರು ಚಿಕಿತ್ಸೆಯ ದಾರಿ ತೋರಿಸುತ್ತಾರೆ. ಮಾರುವವನಿಗೆ ಜೈಲು ಹಾಗೆಯೇ ಇದೆ. ಪೊಲೀಸರ ಭಯವಿಲ್ಲದಿದ್ದರೆ ಅವ್ವ ಕೇಳಿದಂತೆ ಬಾಗಿಲು ಬಡಿಯುವವರು ಹೊತ್ತಿಗೆ ಬಡಿಯುತ್ತಾರೆ, ಆಂಬುಲೆನ್ಸಿಗೆ ಫೋನ್ ಮಾಡಲು ಹಿಂದೆಮುಂದೆ ನೋಡುವುದಿಲ್ಲ.

ಬೆನೆಟ್ ಕೇಳಿದ್ದರ ಉಳಿದರ್ಧ, ಕಾನೂನುಬದ್ಧವಾಗಿಯೇ ಸಿಗಲಿ ಎಂಬುದು, ಕೊಕೇನ್ ಹೆರಾಯಿನ್‌ಗಳ ಮಟ್ಟಿಗೆ ಬೇಡ. ಕಾನೂನುಬದ್ಧ ಅಂಗಡಿ ಹೇಗಿರುತ್ತದೆ ಎಂದು ನನಗೆ ಗೊತ್ತು, ನಾನು ಅದರೊಳಗೇ ದುಡಿಯುವವಳು. ಆಕ್ಸಿಕೋಡೋನ್ ಬೀರುವಿನಲ್ಲಿ ಬೀಗ ಹಾಕಿಟ್ಟು, ಎರಡೆರಡು ಸಲ ಎಣಿಸಿ, ಸಹಿ ಹಾಕಿಸಿಕೊಂಡು ಕೊಡುತ್ತೇವೆ. ಚೀಟಿ ಅಸಲಿ, ಡಾಕ್ಟರು ಅಸಲಿ, ಇನ್ಶೂರೆನ್ಸ್ ಬಿಟ್ಟು ನಗದು ಎಣಿಸುವ ಗಿರಾಕಿಯ ಕೈ ಮಾತ್ರ ನಡುಗುತ್ತಿರುತ್ತದೆ. 2008ರಲ್ಲಿ ಈ ದೇಶದಲ್ಲಿ ಇಂಥ ನೋವಿನ ಗುಳಿಗೆಗಳಿಂದ ಸತ್ತವರು ಸುಮಾರು 15 ಸಾವಿರ ಎಂದು ಸರಕಾರದ ರೋಗ ನಿಯಂತ್ರಣ ಕೇಂದ್ರವೇ ಕಳೆದ ನವೆಂಬರಿನಲ್ಲಿ ಹೇಳಿದೆ. ಅದು ಹೆರಾಯಿನ್ ಮತ್ತು ಕೊಕೇನ್ ಎರಡೂ ಸೇರಿ ಕೊಂದವರಿಗಿಂತ ಹೆಚ್ಚು.