ಏಳು ಬೈಟುಗಳ ಲೆಕ್ಕ



ಕಳೆದ ವಾರ ಬಳ್ಳಾರಿಯ ಮನೆಯಲ್ಲಿ ಹಳೆಯ ಟ್ರಂಕನ್ನು ತೆರೆದು ಒಪ್ಪ ಮಾಡುತ್ತಿದ್ದಾಗ ನೂರು ಪುಟದ ನೋಟುಪುಸ್ತಕವೊಂದು ಕೈಗೆ ಸಿಕ್ಕಿತು. ರಟ್ಟಿನ ಮೇಲೆ ನನ್ನದೇ ಅಕ್ಷರದಲ್ಲಿ ‘ಎಫ್‌ಟಿಪಿ’ ಎಂದು ಬರೆದಿತ್ತು. ಪಕ್ಕದಲ್ಲಿದ್ದ ಮೊಮ್ಮಗಳು, “ಅಜ್ಜಾ, ಎಫ್‌ಟಿಪಿ ಅಂದ್ರೆ ಏನು?” ಎಂದು ಕೇಳಿದಳು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲುಗಳನ್ನು ಸಾಗಿಸುವ ವಿಧಾನವೆಂದು ಹೇಳಿದೆ. ಅಷ್ಟರಲ್ಲೇ ಅವಳಿಗೆ ತೃಪ್ತಿಯಾಯಿತು. ನನಗೆ ಮಾತ್ರ ಆ ಪುಸ್ತಕವನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಅದರ ನಾಲ್ಕನೆಯ ಪುಟದಲ್ಲಿ ನನ್ನ ಒಂದು ತಪ್ಪೂ, ಆ ತಪ್ಪನ್ನು ತಿದ್ದಿದ ಒಂದು ಸಂಖ್ಯೆಯೂ ಇವೆ. ಅದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

2006ರಲ್ಲಿ ನಾನು ಕುರುಗೋಡಿನಲ್ಲಿ ಗಣಿತ ಶಿಕ್ಷಕನಾಗಿದ್ದೆ. ಅದಕ್ಕೆ ಮುಂಚೆ ಅನೇಕ ವರ್ಷ ಸಿರುಗುಪ್ಪದಲ್ಲಿ ಪಾಠ ಹೇಳಿದ್ದವನು. ಸಿರುಗುಪ್ಪದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕಂಪ್ಯೂಟರ್ ಇಂಜಿನಿಯರನಾಗಿದ್ದ. ಹಳೆಯ ಬ್ಯಾಚುಗಳ ಫೋಟೋಗಳನ್ನೆಲ್ಲ ಒಂದೆಡೆ ಇಟ್ಟರೆ ದೂರದ ಊರುಗಳಲ್ಲಿರುವವರೂ ನೋಡಬಹುದೆಂದು ಹೇಳಿ, ತನ್ನ ಸರ್ವರಿನಲ್ಲಿ ನನಗೊಂದಿಷ್ಟು ಜಾಗ ಕೊಟ್ಟ. ಫೈಲನ್ನು ಅಲ್ಲಿಗೆ ಕಳಿಸುವ ಕ್ರಮವನ್ನು ಫೋನಿನಲ್ಲಿಯೇ ಹೇಳಿಕೊಟ್ಟ. ನಾನು ವಿದ್ಯಾರ್ಥಿಯಾಗಿ ಬರೆದುಕೊಂಡೆ: ಓಪನ್, ಹೆಸರು, ಗುಪ್ತಪದ, ಬೈನರಿ, ಪುಟ್, ಬೈ.

ಮೊದಲು ಕಳಿಸಬೇಕೆಂದುಕೊಂಡದ್ದು 1989ರ ಮಾರ್ಚಿನಲ್ಲಿ ತೆಗೆಸಿದ ಹತ್ತನೆಯ ತರಗತಿಯ ಗುಂಪು ಚಿತ್ರ. ನನ್ನ ಬಳಿ ಅದರ ಪ್ರತಿಯಿರಲಿಲ್ಲ. ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ, ಆ ಬ್ಯಾಚಿನ ಒಬ್ಬ ಹುಡುಗಿಯ ಮನೆಯಲ್ಲಿ ಒಂದು ಪ್ರತಿ ಇತ್ತು. ಆ ಹುಡುಗಿ ಹತ್ತನೆಯ ತರಗತಿ ಪಾಸಾದ ಎರಡನೆಯ ವರ್ಷವೇ ಜ್ವರದಿಂದ ತೀರಿಕೊಂಡಿದ್ದಳು. ಅವಳ ತಾಯಿ ಗೋಡೆಯಿಂದ ಚೌಕಟ್ಟನ್ನು ಇಳಿಸಿ, ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಬಳ್ಳಾರಿಯ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ, ಫ್ಲಾಪಿಗೆ ಹಾಕಿಸಿಕೊಂಡು, ಚೌಕಟ್ಟನ್ನು ಮರುವಾರವೇ ಹಿಂತಿರುಗಿಸಿದೆ.

ನಂತರದ ಭಾನುವಾರ ಕುರುಗೋಡಿನಿಂದ ಬಸ್ಸು ಹಿಡಿದು ಬಳ್ಳಾರಿಗೆ ಬಂದು, ರಾಯಲ್ ಸರ್ಕಲ್ ಸಮೀಪದ ಇಂಟರ್‌ನೆಟ್ ಕೇಂದ್ರವೊಂದರಲ್ಲಿ ಕುಳಿತೆ. ಗಂಟೆಗೆ ಇಷ್ಟೆಂದು ಹಣ. ಆ ದಿನ ಮಧ್ಯಾಹ್ನ ಒಮ್ಮೆ ವಿದ್ಯುತ್ ಹೋಗಿ ಬಂದಿತ್ತು. ಅವಸರದಲ್ಲಿ ಹೆಸರು ಒತ್ತಿದೆ, ಗುಪ್ತಪದ ಒತ್ತಿದೆ, ಪುಟ್ ಎಂದೆ. ನಡುವಿನ ‘ಬೈನರಿ’ ಎಂಬ ಸಾಲನ್ನು ಹಾರಿಸಿಬಿಟ್ಟಿದ್ದೆ. ಯಂತ್ರ ತಕರಾರು ಮಾಡಲಿಲ್ಲ. ಕೆಲಸ ಮುಗಿಯಿತೆಂದೇ ತಿಳಿಸಿತು. ಚಿತ್ರವನ್ನು ತೆರೆದು ನೋಡಿದೆ. ಆಗಿನ ವೇಗದಲ್ಲಿ ಚಿತ್ರಗಳು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಇಳಿಯುತ್ತಿದ್ದವು. ಹಿಂದೆ ನಿಂತ ಎತ್ತರದ ಹುಡುಗರ ಸಾಲು ಕಾಣಿಸಿತು. ಅಷ್ಟರಲ್ಲಿ ನನ್ನ ಗಂಟೆಯೂ ಮುಗಿಯಿತು, ಕುರುಗೋಡಿನ ಬಸ್ಸಿಗೂ ಹೊತ್ತಾಯಿತು. ಸಮಾಧಾನದಿಂದ ಎದ್ದುಬಂದೆ. ಸರ್ವರಿನಲ್ಲಿ ಭದ್ರವಾಗಿದೆಯೆಂಬ ನಂಬಿಕೆಯಿಂದ ಮರುದಿನ ಅದೇ ಫ್ಲಾಪಿಯನ್ನು ಅಳಿಸಿ, ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ತುಂಬಿದೆ.

ಇಲ್ಲಿ ಸ್ವಲ್ಪ ಪಾಠ ಹೇಳದಿದ್ದರೆ ಮುಂದಿನದು ಅರ್ಥವಾಗದು. ಹಳೆಯ ಚಾಳಿ, ಸಹಿಸಿಕೊಳ್ಳಿ.

ಎಫ್‌ಟಿಪಿಯ ಮೊದಲ ನಿಯಮಾವಳಿಯನ್ನು ಬರೆದವರು ಭಾರತೀಯರೇ ಆದ ಅಭಯ್ ಭೂಷಣ್. ಕಾನ್ಪುರದ ಐಐಟಿಯ ಮೊದಲ ತಂಡದ ವಿದ್ಯಾರ್ಥಿಯಾಗಿ 1965ರಲ್ಲಿ ಪದವಿ ಪಡೆದು, ಅಮೆರಿಕದ ಎಂಐಟಿಯಲ್ಲಿದ್ದಾಗ, 1971ರ ಏಪ್ರಿಲ್‌ನಲ್ಲಿ ಅದನ್ನು ಪ್ರಕಟಿಸಿದರು. 1985ರಲ್ಲಿ ಪರಿಷ್ಕೃತವಾದ ರೂಪವೇ ಮುಂದೆ ಬಹುಕಾಲ ಬಳಕೆಯಲ್ಲಿ ಉಳಿಯಿತು. ಅದರ ವಿಶೇಷವೆಂದರೆ ಎರಡು ದಾರಿಗಳು. ಸಿರುಗುಪ್ಪದ ಅಕ್ಕಿ ಗಿರಣಿಗಳನ್ನು ನೋಡಿದವರಿಗೆ ಇದು ಸುಲಭ. ಗೇಟಿನಲ್ಲಿ ಗುಮಾಸ್ತ ಹೆಸರು, ಚೀಟಿ ವಿಚಾರಿಸುತ್ತಾನೆ; ಮೂಟೆಗಳು ಇಳಿಯುವುದು ಬೇರೆ ಬಾಗಿಲಿನಲ್ಲಿ. ಹಾಗೆಯೇ ಎಫ್‌ಟಿಪಿಯಲ್ಲಿ ಆಜ್ಞೆಗಳ ಮಾತುಕತೆ 21ನೆಯ ಪೋರ್ಟಿನಲ್ಲಿ. ಸರಕಿನ ಸಾಗಣೆಗೆ ಪ್ರತ್ಯೇಕ ಸಂಪರ್ಕ.

ಸರಕಿನಲ್ಲಿಯೂ ಎರಡು ಬಗೆ. ಒಂದು ಪಠ್ಯ, ಇನ್ನೊಂದು ಬೈನರಿ. ಟೈಪ್‌ರೈಟರ್ ಬಲ್ಲವರಿಗೆ ಗೊತ್ತು, ಒಂದು ಸಾಲು ಮುಗಿದಾಗ ಎರಡು ಕೆಲಸಗಳಾಗಬೇಕು: ಗಾಡಿ ಸಾಲಿನ ಆರಂಭಕ್ಕೆ ಮರಳಬೇಕು, ಕಾಗದ ಒಂದು ಸಾಲು ಮೇಲೇರಬೇಕು. ವಿಂಡೋಸ್ ಈ ಎರಡಕ್ಕೂ ಒಂದೊಂದು ಗುರುತನ್ನು ಬರೆಯುತ್ತದೆ. ಯುನಿಕ್ಸ್ ಬಗೆಯ ಸರ್ವರುಗಳಿಗೆ ಎರಡನೆಯ ಗುರುತೊಂದೇ ಸಾಕು. ಆದುದರಿಂದ ಪಠ್ಯವೆಂದು ಕಳಿಸಿದರೆ ಎಫ್‌ಟಿಪಿ ಆ ಜೋಡಿಗಳನ್ನು ಹುಡುಕಿ, ಮೊದಲನೆಯದನ್ನು ಕೈಬಿಡುತ್ತದೆ. ಪತ್ರಕ್ಕೆ ಇದರಿಂದ ಉಪಕಾರವೇ. ಆದರೆ ಚಿತ್ರದ ಫೈಲಿನಲ್ಲಿ ಅದೇ ಜೋಡಿ ಆಕಸ್ಮಿಕವಾಗಿ ಬಂದಿರುತ್ತದೆ. ಅಲ್ಲಿ ಅದು ಸಾಲಿನ ಕೊನೆಯಲ್ಲ, ಯಾರದೋ ಕೆನ್ನೆಯ ನೆರಳು. ಬೈಟಿಗೆ 256 ಬೆಲೆಗಳಿರುವುದರಿಂದ, ಸರಾಸರಿಯಾಗಿ 65,536 ಸ್ಥಾನಗಳಲ್ಲಿ ಒಂದು ಕಡೆ ಆ ಜೋಡಿ ಸಿಗುತ್ತದೆ. ಬೈನರಿ ಎಂದು ಹೇಳಿದರೆ ಎಫ್‌ಟಿಪಿ ಏನನ್ನೂ ಮುಟ್ಟದು. ಹೇಳದಿದ್ದರೆ ಮೂಲ ನಿಯಮದಂತೆ ಪಠ್ಯವೆಂದೇ ಭಾವಿಸುತ್ತದೆ. ಆ ದಿನ ಆದದ್ದು ಅದೇ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ನೆರೆ ನಿಮಗೆಲ್ಲ ನೆನಪಿದೆ. ಉತ್ತರ ಕರ್ನಾಟಕವೇ ನೀರಿನಲ್ಲಿ ನಿಂತಿತ್ತು. ಸಿರುಗುಪ್ಪದ ಕಡೆಯ ಅನೇಕ ಹಳ್ಳಿಗಳಿಗೆ ಹೊಳೆ ನುಗ್ಗಿತು. ಆ ತಾಯಿಯ ಮಣ್ಣಿನ ಮನೆ ಕುಸಿಯಿತು. ಜೀವಗಳು ಉಳಿದವು, ಸಾಮಾನು ಉಳಿಯಲಿಲ್ಲ. ಮುಂದಿನ ವರ್ಷ ಅವರು ಮಗನೊಡನೆ ನನ್ನನ್ನು ಹುಡುಕಿಕೊಂಡು ಬಂದರು. ಪರಿಹಾರದ ಅರ್ಜಿಗೇನಾದರೂ ಸಹಾಯ ಬೇಕಿರಬಹುದೆಂದು ನಾನು ಭಾವಿಸಿದೆ. ಅವರು ಕೇಳಿದ್ದು ಇಷ್ಟೆ: “ಆ ಫೋಟೋ ನಿಮ್ಮ ಹತ್ರ ಐತಂತಲ್ರೀ ಸರ. ಒಂದು ತೆಗೆಸಿ ಕೊಡ್ರಿ. ನಮ್ಮ ಹುಡುಗೀದು ಅದೊಂದೇ ಇತ್ತು.”

“ಇದೆಯಮ್ಮಾ, ಭದ್ರವಾಗಿದೆ” ಎಂದು ಧೈರ್ಯವಾಗಿ ಹೇಳಿ ಕಳಿಸಿದೆ. ಅಂದು ಸಂಜೆ ಚಿತ್ರವನ್ನು ಪೂರ್ತಿಯಾಗಿ ತೆರೆದೆ. ಹಿಂದೆ ನಿಂತ ಎರಡು ಸಾಲುಗಳು ಸ್ಪಷ್ಟವಾಗಿದ್ದವು. ಅಲ್ಲಿಂದ ಕೆಳಗೆ ಕಪ್ಪು-ಬಿಳುಪಿನ ಆ ಚಿತ್ರದಲ್ಲಿ ಎಂದೂ ಇರದಿದ್ದ ಗುಲಾಬಿ, ಹಸಿರು ಪಟ್ಟೆಗಳು. ಕುರ್ಚಿಯಲ್ಲಿದ್ದ ಹೆಡ್‌ಮಾಸ್ತರರಿಲ್ಲ, ನಾನಿಲ್ಲ, ನೆಲದ ಮೇಲೆ ಕುಳಿತ ಹುಡುಗಿಯರೂ ಇಲ್ಲ. ನಾಲ್ಕು ವರ್ಷ ಅದು ಹಾಗೆಯೇ ಇತ್ತು. ನೋಡಿದ ಒಬ್ಬಿಬ್ಬರು ನೆಟ್ ನಿಧಾನವಿರಬೇಕೆಂದು ಸುಮ್ಮನಾಗಿದ್ದರು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಗೋಡೆಯ ಮೇಲಿದ್ದ ಒಂದನ್ನು ಹೊಳೆ ಒಯ್ದಿತು. ನನ್ನ ಕೈಗೆ ಬಂದದ್ದನ್ನು ನಾನೇ ಕಳೆದೆನಲ್ಲ ಎಂಬ ಸಂಕಟ.

ಬೆಂಗಳೂರಿನ ಶಿಷ್ಯನಿಗೆ ಫೋನು ಮಾಡಿದೆ. ಅವನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಸರ್, ಮೂಲ ಫೈಲು ಎಷ್ಟು ಬೈಟ್ ಇತ್ತು, ಬರೆದಿಟ್ಟೀರೇನ್ರಿ?” ಎಂದ. ನೋಟುಪುಸ್ತಕ ತೆರೆದೆ. ಗಣಿತದವನ ಚಟದಿಂದ ಫ್ಲಾಪಿಯಲ್ಲಿ ಕಂಡ ಅಂಕಿಯನ್ನು ನಾಲ್ಕನೆಯ ಪುಟದಲ್ಲಿ ಬರೆದಿದ್ದೆ: 4,91,207. ಸರ್ವರಿನಲ್ಲಿದ್ದದ್ದು 4,91,200. ಅವನು ಕೊಂಚ ಹೊತ್ತು ಮೌನವಾಗಿದ್ದು, “ಏಳೇ ಬೈಟ್ ಹೋಗ್ಯಾವ ಸರ್. ಹುಡುಕೋಣ” ಎಂದ.

ಅವನು ವಿವರಿಸಿದ ಕ್ರಮ ಹೀಗೆ. ಆ ಫೈಲಿನಲ್ಲಿ ‘ಸಾಲು ಮೇಲೇರುವ’ ಗುರುತು ಸುಮಾರು ಎರಡು ಸಾವಿರ ಕಡೆ ಇರುತ್ತದೆ. ಅವುಗಳಲ್ಲಿ ಏಳರ ಹಿಂದಿನ ಜೊತೆಗಾರ ಮಾತ್ರ ಕಾಣೆಯಾಗಿದ್ದಾನೆ. ಯಾವ ಏಳು ಎಂಬುದನ್ನು ಚಿತ್ರವೇ ಹೇಳಬೇಕು. ಪಟ್ಟೆ ಆರಂಭವಾಗುವ ಜಾಗದ ಸುತ್ತಮುತ್ತ ಒಂದೊಂದೇ ಗುರುತಿನ ಹಿಂದೆ ಬೈಟನ್ನು ಸೇರಿಸಿ ನೋಡುವುದು. ಸರಿಯಾದದ್ದು ಸಿಕ್ಕರೆ ಚಿತ್ರ ಮುಂದಿನ ಮುರಿತದವರೆಗೆ ತಾನಾಗಿ ತಿಳಿಯಾಗುತ್ತದೆ. ಹಗಲು ಕಚೇರಿಯ ಕೆಲಸ, ರಾತ್ರಿ ಇದು. ಮೊದಲ ರಾತ್ರಿ ಹೆಡ್‌ಮಾಸ್ತರರ ರುಮಾಲು ಬಂದಿತು. ಮೂರನೆಯ ರಾತ್ರಿ ಅವರ ಮುಖ. ಪ್ರತಿ ಬಾರಿ ನನಗೊಂದು ಪ್ರತಿಯನ್ನು ಕಳಿಸುತ್ತಿದ್ದ. ಐದನೆಯ ಬೈಟು ಕೂಡಿದಾಗ ಕುರ್ಚಿಗಳ ಕಾಲು ಕಂಡವು. ಏಳನೆಯದು ಕೂಡಿದ ರಾತ್ರಿ ಫೋನು ಮಾಡಿ, “ಸರ್, 4,91,207” ಎಂದಷ್ಟೇ ಹೇಳಿದ.

ನೆಲದ ಮೇಲೆ ಎಡದಿಂದ ಮೂರನೆಯವಳಾಗಿ, ಎರಡು ಜಡೆ ಹಾಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳು ಕುಳಿತಿದ್ದಳು. ಬಳ್ಳಾರಿಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿಕೊಂಡು ಹೋಗಿ ಕೊಟ್ಟೆ. ಆ ತಾಯಿ ಬಹಳ ಹೊತ್ತು ನೋಡಿದರು. ನಡೆದ ತಪ್ಪನ್ನು ಹೇಳಿದೆ. ಬೈಟು, ಬೈನರಿ ಅವರಿಗೆ ತಿಳಿಯಲಿಲ್ಲ. “ನಿಮ್ಮ ಹುಡುಗ ಬಂದ್ರೆ ನಮ್ಮನೀಗೆ ಊಟಕ್ಕೆ ಕರಕೊಂಡು ಬರ್ರಿ ಸರ” ಎಂದರು. ಅವನು ಯುಗಾದಿಗೆ ಊರಿಗೆ ಬಂದಾಗ ಕರೆದುಕೊಂಡು ಹೋದೆ.

ಎಫ್‌ಟಿಪಿಯ ಕಾಲ ಈಗ ಬಹುಮಟ್ಟಿಗೆ ಮುಗಿದಿದೆ. ಅದರಲ್ಲಿ ಗುಪ್ತಪದವೂ ಕಾರ್ಡಿನಲ್ಲಿ ಬರೆದ ಸುದ್ದಿಯಂತೆ ಬಹಿರಂಗವಾಗಿಯೇ ಸಾಗುತ್ತಿತ್ತು. ಆದ್ದರಿಂದ ಅಂಟಿಸಿದ ಲಕೋಟೆಯಂತಿರುವ ಎಸ್‌ಎಫ್‌ಟಿಪಿ ಮೊದಲಾದವು ಅದರ ಜಾಗಕ್ಕೆ ಬಂದವು. 2021ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳು ಎಫ್‌ಟಿಪಿಯನ್ನು ಪೂರ್ತಿಯಾಗಿ ಕೈಬಿಟ್ಟವು. ಆದರೂ ನನ್ನ ತಪ್ಪಿನ ಪಾಠ ಹಳತಾಗಿಲ್ಲ. ಇಂದು ನೀವು ವಾಟ್ಸ್‌ಆ್ಯಪಿನಲ್ಲಿ ಫೋಟೋ ಕಳಿಸಿದರೆ ಅದು ಸಾಮಾನ್ಯವಾಗಿ ಹಿಂಡಿ ಕಿರಿದಾಗಿ ತಲುಪುತ್ತದೆ. ಹಳೆಯ ಚಿತ್ರಗಳನ್ನು ‘ಡಾಕ್ಯುಮೆಂಟ್’ ಎಂದು ಕಳಿಸಿ. ಇದ್ದುದು ಇದ್ದಂತೆ ಹೋಗುತ್ತದೆ. ಅಕ್ಕಿಯ ಲಾರಿ ಹೊರಡುವಾಗಲೂ ತೂಕ, ತಲುಪಿದಾಗಲೂ ತೂಕ. ಫೈಲಿಗೂ ಹಾಗೆಯೇ ಎರಡೂ ಕಡೆ ಅಳತೆ ನೋಡಿ. ಕೊನೆಯ ಸಾಲಿನವರೆಗೂ ತೆರೆದು ನೋಡದೆ ಮೂಲವನ್ನು ಅಳಿಸಬೇಡಿ.

1989ರ ಆ ಚಿತ್ರ ಈಗ ನಾಲ್ಕು ಮನೆಗಳಲ್ಲಿದೆ. ನಿಮ್ಮಲ್ಲಿ ಬೇರೆ ಬ್ಯಾಚಿನ ಚಿತ್ರಗಳಿದ್ದರೆ ನನಗೊಂದು ಪ್ರತಿ ಕಳಿಸಿ. ಈ ಸಲ ಅಂಕಿಯನ್ನು ಬರೆದುಕೊಂಡು, ತಾಳೆ ನೋಡಿಯೇ ಇಡುತ್ತೇನೆ.